ಹಿತ್ತಲ ನಲ್ಲಿಯನ್ನು ಸರಿಸುವ ಮುನ್ನ



ನಮ್ಮ ಉದ್ಯಮದಲ್ಲಿ ಒಲೆಗೆ, ಗ್ರೈಂಡರಿಗೆ, ಫ್ರಿಜ್ಜಿಗೆ ನಾವು ಕೊಡುವ ಗಮನದಲ್ಲಿ ನೂರರ ಒಂದು ಪಾಲನ್ನೂ ಹಿತ್ತಲಿನ ನಲ್ಲಿಗೆ ಕೊಡುವುದಿಲ್ಲ. ಅದು ಸೋರಿದರೆ ಬಟ್ಟೆ ಸುತ್ತುತ್ತೇವೆ, ಅಡ್ಡ ಬಂದರೆ ಯಾರನ್ನೋ ಕರೆದು ಆ ಮೂಲೆಯಿಂದ ಈ ಮೂಲೆಗೆ ಹಾಕಿಸುತ್ತೇವೆ. ಅರ್ಧ ದಿನದ ಕೆಲಸ, ಎರಡು ಎಲ್ಬೋ, ಒಂದಿಷ್ಟು ಪೈಪು ಎಂಬುದು ನಮ್ಮ ಲೆಕ್ಕ. ನನ್ನ ಲೆಕ್ಕವೂ ಹಾಗೆಯೇ ಇತ್ತು. ಕಳೆದ 2025ರ ನವರಾತ್ರಿಯಲ್ಲಿ ಕೋಲ್ಕತ್ತದ ಬಾಲಿಗಂಜ್‌ನಲ್ಲಿ ನಮ್ಮ ಭಾವನವರ ಮನೆಯಲ್ಲಿ ನಡೆದದ್ದನ್ನು ಕಂಡ ಮೇಲೆ ಆ ಲೆಕ್ಕ ಬದಲಾಯಿತು. ನಮ್ಮ ಸದಸ್ಯರಲ್ಲಿ ಹೋಟೆಲಿನ ಮೇಲೆಯೇ ಮನೆ ಮಾಡಿಕೊಂಡವರು, ಮನೆಯ ಹಿತ್ತಲಿನಲ್ಲೇ ಕೇಟರಿಂಗ್ ಪಾತ್ರೆ ತೊಳೆಯಿಸುವವರು ಬಹಳ ಮಂದಿ ಇರುವುದರಿಂದ ಈ ವಿಷಯ ಎಲ್ಲರ ಉಪಯೋಗಕ್ಕೆ ಬರಲೆಂದು ಬರೆಯುತ್ತಿದ್ದೇನೆ.

ನಡೆದದ್ದು ಏನು?

ಬಾಲಿಗಂಜ್ ದಕ್ಷಿಣ ಕೋಲ್ಕತ್ತದ ಹಳೆಯ ಬಡಾವಣೆ. ಅಲ್ಲಿಂದ ಗಡಿಯಾಹಾಟ್, ರಾಸ್‌ಬಿಹಾರಿ ಅವೆನ್ಯೂ ದಾಟಿ ಲೇಕ್ ಮಾರ್ಕೆಟ್ ಕಡೆಗೆ ಹೋದರೆ ದಕ್ಷಿಣದವರ ಮನೆಗಳು, ಇಡ್ಲಿ-ದೋಸೆಯ ಹೋಟೆಲುಗಳು, ಬಾಳೆ ಎಲೆ, ಕರಿಬೇವು, ಫಿಲ್ಟರ್ ಕಾಫಿ ಪುಡಿ ಎಲ್ಲವೂ ಸಿಗುತ್ತವೆ. ಭಾವನವರು ಬಾಲಿಗಂಜ್‌ನ ಒಂದು ಹಳೆಯ ಮನೆಯ ನೆಲಮಹಡಿಯಲ್ಲಿ ಬಾಡಿಗೆಗೆ ಇದ್ದು, ಮನೆ ಸಮಾರಂಭಗಳಿಗೆ ಊಟ-ತಿಂಡಿ ಮಾಡಿಕೊಡುತ್ತಾರೆ. ಮನೆಯ ಹಿಂದೆ ಒಂದು ಅಂಗಳ. ಅಂಗಳದ ಮೂಲೆಯಲ್ಲಿ ಒಂದು ನಲ್ಲಿ, ಅದರ ಬುಡದಲ್ಲಿ ಮೋರಿ. ಬಂಗಾಳಿಯವರು ಇಂಥ ಜಾಗವನ್ನು ಕೊಲ್‌ತಲಾ ಎನ್ನುತ್ತಾರೆ. ಕುಳಿತು ಪಾತ್ರೆ ತೊಳೆಯಲು ಅನುಕೂಲವಾಗಲೆಂದು ನಲ್ಲಿಯನ್ನು ನೆಲದಿಂದ 14 ಇಂಚಿಗೆ ಹಾಕಿದ್ದರು.

2025ರ ಸೆಪ್ಟೆಂಬರ್ 22ರ ರಾತ್ರಿಯಿಂದ 23ರ ಬೆಳಗಿನವರೆಗೆ ಕೋಲ್ಕತ್ತದಲ್ಲಿ ಸುರಿದ ಮಳೆ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಪಾಲಿಕೆಯ ಲೆಕ್ಕದಂತೆ ಬಾಲಿಗಂಜ್‌ನಲ್ಲಿ ಕೆಲವೇ ಗಂಟೆಗಳಲ್ಲಿ 264 ಮಿಲಿಮೀಟರ್ ಬಿತ್ತು. ದುರ್ಗಾಪೂಜೆಗೆ ಇನ್ನು ಐದಾರು ದಿನವಿತ್ತು. ಬೀದಿಗಳಲ್ಲಿ ನಿಂತ ನೀರಿನಲ್ಲಿ ವಿದ್ಯುತ್ ಹರಿದು ಹಲವರು ಪ್ರಾಣ ಕಳೆದುಕೊಂಡರು. ಭಾವನವರ ಅಂಗಳದಲ್ಲಿ ಮೊಣಕಾಲಿನ ಮೇಲಕ್ಕೆ ನೀರು ನಿಂತಿತು. ನಲ್ಲಿ ಮುಳುಗಿತು, ಮೋರಿ ಉಕ್ಕಿತು.

25ರ ಬೆಳಿಗ್ಗೆ ಅವರಿಗೆ ಒಂದು ಮನೆಯ ನವರಾತ್ರಿ ಪೂಜೆಯ ತಿಂಡಿ, 150 ಮಂದಿಯದು. 24ರ ಬೆಳಿಗ್ಗೆ 6 ಕಿಲೋ ಉದ್ದು, 18 ಕಿಲೋ ಅಕ್ಕಿ ನೆನೆಹಾಕಿದ್ದರು. ಹತ್ತು ಗಂಟೆಗೆ ಅಕ್ಕ ಕಾಫಿಗೆ ನೀರು ಹಿಡಿದಾಗ ಸಣ್ಣ ವಾಸನೆ ಬಂತು. ಕೆಲಸದ ಹುಡುಗ, "ಮಳೆ ಬಂದ ಮೇಲೆ ಮೊದಲ ನೀರು ಹೀಗೇ" ಎಂದ. ಭಾವನವರು ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಇಟ್ಟರು. ಬಣ್ಣ ಮಬ್ಬಾಗಿತ್ತು, ತಳದಲ್ಲಿ ಕಪ್ಪು ಪುಡಿ ಕೂತಿತು. ಅಷ್ಟೂ ಉದ್ದು, ಅಕ್ಕಿಯನ್ನು ಚೆಲ್ಲಿಸಿದರು. ಅಂಗಡಿಯಿಂದ ಕ್ಯಾನ್ ನೀರು ತರಿಸಿ ಹೊಸದಾಗಿ ನೆನೆಹಾಕಿ ಹೇಗೋ ಆರ್ಡರ್ ಮುಗಿಸಿದರು. "ನೋಡಯ್ಯಾ, ಚೆಲ್ಲಿದ್ದಕ್ಕೆ ಎರಡು ದಿನದ ಲಾಭ ಹೋಯಿತು. ಚೆಲ್ಲದೆ ಇದ್ದಿದ್ದರೆ ಮೂವತ್ತು ವರ್ಷದ ಹೆಸರು ಹೋಗುತ್ತಿತ್ತು" ಎಂದು ಅವರು ನನಗೆ ಹೇಳಿದರು.

ಕೊಳೆ ಒಳಗೆ ಬಂದದ್ದು ಹೇಗೆ?

ನಾವೆಲ್ಲ ಮೊದಲು ಪಾಲಿಕೆಯ ಪೈಪು ಒಡೆದಿರಬೇಕು ಎಂದುಕೊಂಡೆವು. ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿದರೆ ಅವರ ನೀರು ಚೆನ್ನಾಗಿತ್ತು. ಸಂಪಿನ ಮುಚ್ಚಳದ ಕಟ್ಟೆ ನೆಲದಿಂದ ಎರಡೂವರೆ ಅಡಿ ಎತ್ತರವಿದ್ದುದರಿಂದ ಅಲ್ಲಿಂದ ನೀರು ನುಗ್ಗಿರಲಿಲ್ಲ. ಕೊನೆಗೆ ಪ್ಲಂಬರನ್ನು ಕರೆಸಿದರು. ಒಡಿಶಾದ ಕೇಂದ್ರಾಪಡಾ ಕಡೆಯವರು. ಆ ಜಿಲ್ಲೆಯ ಪಟ್ಟಾಮುಂಡಾಯಿ ಸುತ್ತಿನ ಹಳ್ಳಿಗಳಿಂದ ಪ್ಲಂಬರುಗಳು ದೇಶದ ಎಲ್ಲ ಊರುಗಳಿಗೂ ಹೋಗಿದ್ದಾರೆ. ಈ ಕಸುಬು ಅವರಿಗೆ ಬಂದದ್ದೇ ಬ್ರಿಟಿಷರ ಕಾಲದ ಕಲ್ಕತ್ತದ ಕೆಲಸದಿಂದ. ಆ ಮನುಷ್ಯ ಅಂಗಳವನ್ನು ಒಂದು ಸುತ್ತು ನೋಡಿ ಕೇಳಿದ್ದು ಒಂದೇ ಮಾತು: "ಬಾಬು, ಈ ರಬ್ಬರ್ ಪೈಪಿನ ಬಾಯಿ ಆ ರಾತ್ರಿ ಎಲ್ಲಿತ್ತು?"

ಅದು ನಲ್ಲಿಗೆ ಸಿಕ್ಕಿಸಿದಂತೆಯೇ ಮೋರಿಯಲ್ಲಿ ಬಿದ್ದಿತ್ತು. ನಲ್ಲಿಯೂ ತೆರೆದೇ ಇತ್ತು. ಕೋಲ್ಕತ್ತದ ಬಹುಪಾಲು ಕಡೆ ಕೊಳಾಯಿ ನೀರು ದಿನದ ಕೆಲವು ಹೊತ್ತು ಮಾತ್ರ ಬರುತ್ತದೆ. ನೀರು ಬಂದ ಸದ್ದಿಗೆ ಎಚ್ಚರವಾಗಲೆಂದು ರಾತ್ರಿ ನಲ್ಲಿ ತೆರೆದಿಡುವುದು ಅಲ್ಲಿನ ಅಭ್ಯಾಸ. ನಮ್ಮ ಊರುಗಳಲ್ಲಿಯೂ ಈ ಅಭ್ಯಾಸ ಇಲ್ಲವೆಂದು ಯಾರಾದರೂ ಹೇಳುತ್ತಾರೆಯೇ?

ಈಗ ಪೈಪಿನ ದಾರಿ ನೋಡಿ. ಬೀದಿಯಿಂದ ಬಂದ ಪೈಪು ಎರಡಾಗಿ ಒಡೆದು, ಒಂದು ಕವಲು ಅಂಗಳದ ನಲ್ಲಿಗೆ, ಇನ್ನೊಂದು ನೆಲದಡಿಯ ಸಂಪಿಗೆ ಹೋಗುತ್ತದೆ. ಸಂಪಿನ ನೀರು ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಏರಿ ಮನೆಗೆಲ್ಲ ಬರುತ್ತದೆ. ಬೀದಿಯಲ್ಲಿ ನೀರು ನಿಂತ ಮೇಲೆ ಪೈಪಿನೊಳಗೆ ಉಳಿದ ನೀರು ತಗ್ಗಿನ ಕಡೆಗೆ, ಅಂದರೆ ಸಂಪಿಗೆ, ಇಳಿಯತೊಡಗುತ್ತದೆ. ಹಾಗೆ ಇಳಿಯುವಾಗ ಹಿಂದಿನಿಂದ ಎಳೆಯುತ್ತದೆ. ನಲ್ಲಿಯ ಬಾಯಿ ಬಯಲಿನಲ್ಲಿದ್ದರೆ ಗಾಳಿ ಒಳಗೆ ಬರುತ್ತದೆ, ತೊಂದರೆಯಿಲ್ಲ. ಬಾಯಿ ಕೊಳೆ ನೀರಿನಲ್ಲಿ ಮುಳುಗಿದ್ದರೆ ಕೊಳೆ ನೀರೇ ಬರುತ್ತದೆ. ಎತ್ತರದಲ್ಲಿಟ್ಟ ಎಣ್ಣೆ ಡ್ರಮ್ಮಿಗೆ ಪೈಪು ಬಿಟ್ಟು ಒಮ್ಮೆ ಎಳೆದು ಬಿಟ್ಟರೆ, ಆಮೇಲೆ ತಾನಾಗಿಯೇ ಕೆಳಗಿನ ಡಬ್ಬಿಗೆ ಎಣ್ಣೆ ಇಳಿಯುವುದಿಲ್ಲವೇ? ಹಾಗೆಯೇ.

ಪ್ಲಂಬರ್ ಇದನ್ನು ನಮ್ಮ ಕಣ್ಣೆದುರೇ ತೋರಿಸಿದ. ಬಕೆಟ್ಟಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ, ರಬ್ಬರ್ ಪೈಪಿನ ಬಾಯಿಯನ್ನು ಅದರಲ್ಲಿ ಮುಳುಗಿಸಿದ. ನೀರು ಬರುವ ಹೊತ್ತಿನಲ್ಲಿ ಪೈಪು ತುಂಬಿದ ಮೇಲೆ ಬೀದಿ ಕಡೆಯ ವಾಲ್ವ್ ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಬಕೆಟ್ಟಿನ ನೀರು ಇಳಿಯತೊಡಗಿತು. ಸಂಪಿನ ಮುಚ್ಚಳ ತೆಗೆದು ನೋಡಿದರೆ ಬಾಲ್ ಕಾಕಿನ ಬಾಯಿಯಿಂದ ನೀಲಿ ನೀರು ಬೀಳುತ್ತಿತ್ತು. (ಸಂಪನ್ನು ಹೇಗೂ ಖಾಲಿ ಮಾಡಿ ತೊಳೆಯಬೇಕಾಗಿತ್ತು. ನೀವು ಬಳಕೆಯಲ್ಲಿರುವ ಸಂಪಿನಲ್ಲಿ ಈ ಪರೀಕ್ಷೆ ಮಾಡಬೇಡಿ.)

ಇದು ಹೊಸ ಸಂಗತಿಯಲ್ಲ. 1933ರಲ್ಲಿ ಅಮೆರಿಕದ ಚಿಕಾಗೊದಲ್ಲಿ ವಿಶ್ವ ಮೇಳ ನಡೆದಾಗ ಅಲ್ಲಿನ ಎರಡು ದೊಡ್ಡ ಹೋಟೆಲುಗಳಲ್ಲಿ ತಂಗಿದ್ದವರಿಗೆ ಆಮಶಂಕೆ ಹಬ್ಬಿತು. 1,400ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 98 ಮಂದಿ ಸತ್ತರು. ಅನುಮಾನ ಮೊದಲು ಬಿದ್ದದ್ದು ಅಡುಗೆಯವರ ಮತ್ತು ಬಡಿಸುವವರ ಮೇಲೆ. ಕೊನೆಗೆ ತಿಳಿದದ್ದು, ಹೋಟೆಲಿನ ಹಳೆಯ ಪೈಪುಗಳಲ್ಲಿ ಕೊಳಚೆ ನೀರೂ ಕುಡಿಯುವ ನೀರೂ ಒಂದಕ್ಕೊಂದು ಸೇರುವಂಥ ದೋಷಗಳಿದ್ದವು ಎಂದು. ನಮ್ಮ ದೇಶದಲ್ಲಿ ಪಾಠ ಅದಕ್ಕೂ ಹಳೆಯದು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ್ದು ಇದೇ ಕಲ್ಕತ್ತದಲ್ಲಿ. ಜನ ಮಿಂದು, ಬಟ್ಟೆ ಒಗೆದು, ಕುಡಿಯುತ್ತಿದ್ದ ಕೆರೆಯ ನೀರಿನಲ್ಲಿಯೂ ಅದು ಅವರಿಗೆ ಸಿಕ್ಕಿತು. ಆ ಊರಿನವರು ಪಲ್ತಾದಲ್ಲಿ ಹೂಗ್ಲಿ ನದಿಯ ನೀರನ್ನು ಸೋಸಿ, 1911ರಿಂದ ಟಾಲಾದಲ್ಲಿ 110 ಅಡಿ ಎತ್ತರದ ಮೇಲೆ 90 ಲಕ್ಷ ಗ್ಯಾಲನ್ನಿನ ಉಕ್ಕಿನ ತೊಟ್ಟಿಯಲ್ಲಿ ತುಂಬಿ ಕಳಿಸಲು ಇಷ್ಟೆಲ್ಲ ಕಷ್ಟಪಟ್ಟಿದ್ದಾರೆ. ಅಷ್ಟು ದೂರ ಶುದ್ಧವಾಗಿ ಬಂದ ನೀರು ನಮ್ಮ ಹಿತ್ತಲಿನ ಕೊನೆಯ ಹತ್ತು ಅಡಿಯಲ್ಲಿ ಕೆಡುವುದೆಂದರೆ ಅದು ನಮ್ಮ ತಪ್ಪೇ.

ಆದ್ದರಿಂದ ನಲ್ಲಿ ಸರಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು "ಎಲ್ಲಿದ್ದರೆ ಕೈಗೆ ಅನುಕೂಲ?" ಎಂದಲ್ಲ. "ಇದರ ಬಾಯಿ ಯಾವ ಕಾಲಕ್ಕಾದರೂ ಕೊಳೆ ನೀರಿಗೆ ಮುಟ್ಟೀತೇ?" ಎಂದು ಕೇಳಬೇಕು.

ಕೈ ಹಾಕುವ ಮೊದಲು

1) ಯಾವುದು ನಿಮ್ಮದು, ಯಾವುದು ಪಾಲಿಕೆಯದು ಎಂದು ತಿಳಿದುಕೊಳ್ಳಿ. ಬೀದಿಯ ಮುಖ್ಯ ಪೈಪಿನಿಂದ ಮನೆಯ ಮೀಟರು ಅಥವಾ ಮೊದಲ ವಾಲ್ವಿನವರೆಗಿನ ಭಾಗವನ್ನು ನೀವಾಗಿ ಮುಟ್ಟಬಾರದು. ಅದಕ್ಕೆ ಅರ್ಜಿ ಕೊಟ್ಟು, ಪರವಾನಗಿ ಪಡೆದ ಪ್ಲಂಬರಿಂದಲೇ ಮಾಡಿಸಬೇಕು. ಕೋಲ್ಕತ್ತದಲ್ಲೂ ಬೆಂಗಳೂರಿನಲ್ಲೂ ಇದೇ ಪದ್ಧತಿ.

2) ಬಾಡಿಗೆ ಕಟ್ಟಡವಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಗೋಡೆಗೆ ತೂತು ಹೊಡೆದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಲೇಸು.

3) ಯಾವ ಪೈಪಿನಲ್ಲಿ ಯಾವ ನೀರು ಎಂದು ಗುರುತು ಮಾಡಿ. ಹಳೆಯ ಕಲ್ಕತ್ತದಲ್ಲಿ ಸೋಸಿದ ನೀರಿಗೆ ಒಂದು, ಬೀದಿ ತೊಳೆಯುವುದಕ್ಕೂ ಬೆಂಕಿ ಆರಿಸುವುದಕ್ಕೂ ಸೋಸದ ಗಂಗೆಯ ನೀರಿಗೆ ಇನ್ನೊಂದು ಎಂದು ಎರಡು ಬಗೆಯ ಪೈಪು ಹಾಕಿದ್ದರು. ನಮ್ಮಲ್ಲಿ ಕಾವೇರಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಂದು ಮೂರು ಬಗೆ. ತಪ್ಪಿ ಬೇರೆ ಪೈಪಿಗೆ ಟೀ ಹಾಕಿದರೆ ಗೊತ್ತಾಗುವುದೇ ಇಲ್ಲ. ಆಹಾರ ಸುರಕ್ಷತೆಯ ಪರವಾನಗಿ ಕುರಿತ 2011ರ ನಿಯಮಗಳ 4ನೇ ಅನುಸೂಚಿಯಂತೆ ಅಡುಗೆಗೆ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು, ಕುಡಿಯಲು ಬಾರದ ನೀರಿನ ಪೈಪು ಬೇರೆಯಾಗಿ, ಗುರುತು ಸಿಗುವಂತೆ ಇರಬೇಕು. ಎರಡು ಬಣ್ಣದ ಪೇಂಟು ಸಾಕು, ಹೆಚ್ಚಿನ ಖರ್ಚಿಲ್ಲ.

ಜಾಗ ಆರಿಸುವುದು

ಎತ್ತರ: ನಿಮ್ಮ ಹಿತ್ತಲಿನಲ್ಲಿ ಇದುವರೆಗೆ ಅತಿ ಹೆಚ್ಚು ನೀರು ನಿಂತದ್ದು ಎಷ್ಟು ಎಂದು ಹಳಬರನ್ನು ಕೇಳಿ, ಗೋಡೆಯ ಮೇಲಿನ ಕಲೆ ನೋಡಿ. ಭಾವನವರ ಗೋಡೆಯಲ್ಲಿ ಕಲೆ 22 ಇಂಚಿಗಿತ್ತು. ಹೊಸ ನಲ್ಲಿಯ ಬಾಯನ್ನು 42 ಇಂಚಿಗೆ ಇಟ್ಟರು. ಪಾತ್ರೆ ಇಡಲು 20 ಇಂಚಿನ ಕಲ್ಲು ಕಟ್ಟೆ ಕಟ್ಟಿಸಿದರು. ಅದರ ಮೇಲೆ 18 ಇಂಚಿನ ಪಾತ್ರೆ ಇಟ್ಟರೂ ಅಂಚಿಗೂ ನಲ್ಲಿಯ ಬಾಯಿಗೂ ನಡುವೆ 4 ಇಂಚು ಜಾಗ ಉಳಿಯುತ್ತದೆ. ಇದೇ ಮುಖ್ಯ. ನಲ್ಲಿಯ ಬಾಯಿಗೂ ಪಾತ್ರೆ ಅಥವಾ ತೊಟ್ಟಿಯ ಅಂಚಿಗೂ ನಡುವೆ ಬಾಯಿಯ ಅಗಲದ ಎರಡರಷ್ಟಾದರೂ, ಒಂದು ಇಂಚಿಗೆ ಕಡಿಮೆಯಿಲ್ಲದಂತೆ, ಬರಿಯ ಗಾಳಿ ಇರಬೇಕು. ಗಾಳಿಯ ಈ ಅಂತರವನ್ನು ದಾಟಿ ನೀರು ಹಿಂದಕ್ಕೆ ಹೋಗಲಾರದು. ಯಾವ ವಾಲ್ವೂ ಇದಕ್ಕಿಂತ ನಂಬಿಕಸ್ಥವಲ್ಲ. ನಿಂತು ತೊಳೆಯುವುದರಿಂದ ಹುಡುಗರ ಬೆನ್ನಿಗೂ ಒಳ್ಳೆಯದು.

ಮೋರಿ: ನಲ್ಲಿಯನ್ನು ಸರಿಸಿದರೆ ನೀರು ಹೋಗುವ ದಾರಿಯನ್ನೂ ಸರಿಸಬೇಕು. ಬಹಳ ಕಡೆ ಇದನ್ನೇ ಮರೆಯುತ್ತಾರೆ. ನೆಲಕ್ಕೆ ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು ಕೊಡಿ. ಮೋರಿಯ ಬಾಯಿಗೆ ಜಾಲರಿ, ಅದರ ಕೆಳಗೆ ನೀರು ನಿಲ್ಲುವ ಟ್ರ್ಯಾಪ್ ಇರಲಿ. ನೀರು ಗೋಡೆಯ ಬುಡಕ್ಕೆ ಹರಿದರೆ ಎರಡು ಮಳೆಗಾಲದಲ್ಲಿ ಒಳಗೋಡೆಯ ಸುಣ್ಣ ಉದುರುತ್ತದೆ.

ವಿದ್ಯುತ್: ಮೋಟಾರು, ಗ್ರೈಂಡರ್, ಸ್ವಿಚ್ ಬೋರ್ಡುಗಳಿಂದ ನಲ್ಲಿ ದೂರವಿರಲಿ, ನೀರು ಸಿಡಿಯುವಷ್ಟು ಹತ್ತಿರ ಬೇಡವೇ ಬೇಡ. ಹಿತ್ತಲಿನ ಸರ್ಕ್ಯೂಟಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಕಬ್ಬಿಣದ ಪೈಪು ವಿದ್ಯುತ್ತನ್ನು ಎಲ್ಲಿಂದಲೋ ಎಲ್ಲಿಗೋ ಒಯ್ಯಬಲ್ಲದು. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟುವ ಹುಡುಗ ನಮ್ಮ ಮನೆಯ ಮಗನೇ ಎಂದು ತಿಳಿದು ಈ ಕೆಲಸ ಮಾಡಿಸಬೇಕು.

ಯಾವ ಕೊಳವೆಯಿಂದ ನೀರು ತೆಗೆಯಬೇಕು?

ಬೀದಿಯಿಂದ ನೇರವಾಗಿ ಬರುವ ಪೈಪಿಗೆ ಟೀ ಹಾಕುವುದು ಸುಲಭ. ಆದರೆ ಹೊತ್ತು ನೋಡಿ ನೀರು ಬಿಡುವ ಊರಿನಲ್ಲಿ ಆ ಪೈಪು ದಿನದ ಬಹುಪಾಲು ಖಾಲಿ ಇದ್ದು ಹಿಂದಕ್ಕೆ ಎಳೆಯುತ್ತಿರುತ್ತದೆ. ಅಕ್ಕಪಕ್ಕದವರು ಯಾರಾದರೂ ಪೈಪಿಗೇ ಮೋಟಾರು ಇಟ್ಟಿದ್ದರಂತೂ ಕೇಳುವುದೇ ಬೇಡ. ಅದರಿಂದ ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಟೀ ಹಾಕುವುದು ಉತ್ತಮ. ಟ್ಯಾಂಕಿನಲ್ಲಿ ನೀರಿರುವವರೆಗೆ ಅಲ್ಲಿ ಒತ್ತಡ ಹೊರಮುಖವಾಗಿರುತ್ತದೆ. ಸುಮಾರು 33 ಅಡಿ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಸಿಗುತ್ತದೆ, ಪಾತ್ರೆ ತೊಳೆಯಲು ಅಷ್ಟು ಧಾರಾಳ. ಮುಕ್ಕಾಲು ಇಂಚಿನ ಪೈಪು ತಂದು ನಲ್ಲಿಯ ಹತ್ತಿರ ಮಾತ್ರ ಅರ್ಧ ಇಂಚಿಗೆ ಇಳಿಸಿದರೆ ಧಾರೆ ಚೆನ್ನಾಗಿರುತ್ತದೆ. ಟ್ಯಾಂಕು ಖಾಲಿಯಾದಾಗ ಇಲ್ಲಿಯೂ ಹಿಂದೆಳೆತ ಆಗಬಹುದಾದ್ದರಿಂದ ಗಾಳಿಯ ಅಂತರದ ನಿಯಮವನ್ನು ಬಿಡುವಂತಿಲ್ಲ.

ಬೇಕಾಗುವ ಸಾಮಾನು

ಹೊರಗಿನ ಕೆಲಸಕ್ಕೆ ಜಿ.ಐ. ಪೈಪು ಗಟ್ಟಿ, ಆದರೆ ತುಕ್ಕು ಹಿಡಿಯುತ್ತದೆ. ಸಿ.ಪಿ.ವಿ.ಸಿ. ಪೈಪಿಗೆ ತುಕ್ಕಿಲ್ಲ, ಆದರೆ ಬಿಸಿಲು ಬಿದ್ದರೆ ವರ್ಷಗಳಲ್ಲಿ ಪೆಡಸಾಗುತ್ತದೆ. ಬಿಸಿಲಿಗೆ ಕಾಣುವ ಭಾಗಕ್ಕೆ ನೀರಿನಲ್ಲಿ ಕಲಸುವ ಪೇಂಟು ಬಳಿಯಬೇಕು, ಎಣ್ಣೆ ಪೇಂಟು ಬೇಡ. ಸಾಮಾನು ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ: ಜಿ.ಐ. ಪೈಪಿಗೆ ಐ.ಎಸ್. 1239, ಸಿ.ಪಿ.ವಿ.ಸಿ.ಗೆ ಐ.ಎಸ್. 15778, ಹಿತ್ತಾಳೆಯ ನಲ್ಲಿಗೆ ಐ.ಎಸ್. 781. ಇವುಗಳ ಜೊತೆಗೆ ಒಂದು ಬಾಲ್ ವಾಲ್ವ್, ಒಂದು ನಾನ್-ರಿಟರ್ನ್ ವಾಲ್ವ್, ಒಂದು ಯೂನಿಯನ್, ಒಳಗೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ, ಕ್ಲಾಂಪುಗಳು, ಟೆಫ್ಲಾನ್ ಟೇಪು ಬೇಕು. ಹಳೆಯ ಮಿಸ್ತ್ರಿಗಳು ಬಳಸುತ್ತಿದ್ದ ಸೆಣಬು-ಸಫೇದದಲ್ಲಿ ಸೀಸ ಇರುತ್ತಿತ್ತು. ಕುಡಿಯುವ ನೀರಿನ ಪೈಪಿಗೆ ಅದನ್ನು ಹಚ್ಚಗೊಡಬೇಡಿ.

ಕೆಲಸದ ಕ್ರಮ

ಒಂದು: ಬಿಡುವಿನ ದಿನ ಆರಿಸಿಕೊಳ್ಳಿ. ಮುಖ್ಯ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿಯೊಂದನ್ನು ತೆರೆದು ಪೈಪು ಖಾಲಿ ಮಾಡಿ. ಅಡುಗೆಗೆ ಬೇಕಾದ ಎರಡು ದಿನದ ನೀರನ್ನು ಮೊದಲೇ ತುಂಬಿಸಿಡಿ.

ಎರಡು: ಗೋಡೆ ಕೊರೆಯುವ ಮೊದಲು ಒಳಗೆ ವೈರು, ಬೇರೆ ಪೈಪು ಹೋಗಿಲ್ಲವೆಂದು ಖಚಿತ ಮಾಡಿಕೊಳ್ಳಿ. ಬಾಲಿಗಂಜ್‌ನಂಥ ಹಳೆಯ ಬಡಾವಣೆಗಳಲ್ಲಿ ಗೋಡೆಗಳು ಸುಣ್ಣ-ಸುರ್ಕಿ ಗಾರೆಯವು, ಬಹಳ ದಪ್ಪ. ಉಳಿ ಸುತ್ತಿಗೆಯಿಂದ ಬಡಿದರೆ ಇಟ್ಟಿಗೆ ಸಡಿಲವಾಗುತ್ತದೆ, ಡ್ರಿಲ್ಲೇ ಒಳ್ಳೆಯದು. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ. ಸೋರಿದರೆ ನೀರು ಹೊರಗೆ ಬೀಳುತ್ತದೆ. ಪೈಪನ್ನು ನೇರ ಗಾರೆಯಲ್ಲಿ ಹೂಳದೆ ಅದಕ್ಕಿಂತ ದೊಡ್ಡ ಪೈಪಿನ ತುಂಡಿನೊಳಗೆ ತೂರಿಸಿ.

ಮೂರು: ಹಳೆಯ ನಲ್ಲಿ ಬಿಚ್ಚಿ ಅದರ ಬಾಯಿಗೆ ಪ್ಲಗ್ ಬಡಿದು ಬಿಡುವುದು ದೊಡ್ಡ ತಪ್ಪು. ಆ ಸತ್ತ ಪೈಪಿನಲ್ಲಿ ನೀರು ನಿಂತು ಕೊಳೆಯುತ್ತದೆ, ಅದೇ ನೀರು ಸ್ವಲ್ಪ ಸ್ವಲ್ಪವಾಗಿ ಒಳ್ಳೆಯ ನೀರಿಗೆ ಸೇರುತ್ತದೆ. ಹಳೆಯ ಕವಲು ಎಲ್ಲಿ ಒಡೆದಿದೆಯೋ ಅಲ್ಲಿಯವರೆಗೆ ಹೋಗಿ, ಟೀ ತೆಗೆದು ಸಾಕೆಟ್ ಹಾಕಿ ನೇರ ಮಾಡಿ. ಕೂಲಿ ಸ್ವಲ್ಪ ಹೆಚ್ಚಾಗುತ್ತದೆ, ಆಗಲಿ.

ನಾಲ್ಕು: ಹೊಸ ಕವಲಿನಲ್ಲಿ ಮೊದಲು ಬಾಲ್ ವಾಲ್ವ್, ಆಮೇಲೆ ಯೂನಿಯನ್, ಆಮೇಲೆ ನಾನ್-ರಿಟರ್ನ್ ವಾಲ್ವ್. ಇವು ಗೋಡೆಯ ಒಳಗಡೆಯೇ, ಕೈಗೆ ಸಿಗುವಂತೆ ಇರಲಿ. ನಾನ್-ರಿಟರ್ನ್ ವಾಲ್ವಿನ ಮೇಲಿನ ಬಾಣದ ಗುರುತು ನಲ್ಲಿಯ ಕಡೆಗಿರಬೇಕು. ಮುಂದೆ ನಲ್ಲಿ ಕೆಟ್ಟರೆ ಇಡೀ ಹೋಟೆಲಿನ ನೀರು ನಿಲ್ಲಿಸದೆ ಇದೊಂದನ್ನೇ ಮುಚ್ಚಿ ರಿಪೇರಿ ಮಾಡಬಹುದು.

ಐದು: ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಥ್ರೆಡ್ಡಿಗೆ ಪಾನಾ ಹಾಕಿ ಬಲ ಬಿಟ್ಟರೆ ಸೀಳುತ್ತದೆ. ಸಿ.ಪಿ.ವಿ.ಸಿ.ಗೆ ಸಾಲ್ವೆಂಟ್ ಹಚ್ಚಿ ಸೇರಿಸಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ, ಒಂದು ದಿನ ಬಿಟ್ಟರೆ ಚಿಂತೆಯೇ ಇಲ್ಲ.

ಆರು: ನಲ್ಲಿಯ ಹಿಂದಿನ ಎಲ್ಬೋ ಗೋಡೆಗೆ ಭದ್ರವಾಗಿ ಕೂರಬೇಕು. ನಮ್ಮ ಹುಡುಗರು ನಲ್ಲಿಯನ್ನು ಹಿಡಿದುಕೊಂಡೇ ಏಳುತ್ತಾರೆ, ಕೊಳಗವನ್ನು ಅದಕ್ಕೆ ತಾಗಿಸುತ್ತಾರೆ. ಆ ಭಾರವನ್ನು ಗೋಡೆ ಹೊರಬೇಕೇ ಹೊರತು ಪೈಪಲ್ಲ. ಪೈಪಿಗೆ ಮೂರು ಅಡಿಗೊಂದು ಕ್ಲಾಂಪು ಹಾಕಿ.

ಏಳು: ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರು ಬಿಡಿ. ಪ್ರತಿ ಜಾಯಿಂಟಿಗೂ ಒಣ ನ್ಯೂಸ್ ಪೇಪರ್ ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿ. ಕಾಗದ ಒದ್ದೆಯಾಗದಿದ್ದರೆ ಕೆಲಸ ಸರಿ. ಇದಾದ ಮೇಲೆಯೇ ಗಾರೆ ಮುಚ್ಚಿಸಿ.

ಕೊನೆಯ ಕೆಲಸ: ಶುದ್ಧಿ

ಪ್ಲಂಬರ್ ಹೋದ ಮೇಲೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮೊದಲು ಹತ್ತು ನಿಮಿಷ ನೀರು ಹರಿಸಿ ಮಣ್ಣು, ಪೈಪಿನ ಪುಡಿ ಹೋಗಲಿ. ಆಮೇಲೆ ಟ್ಯಾಂಕಿನಲ್ಲಿ ಪ್ರತಿ 1,000 ಲೀಟರ್ ನೀರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಹಾಕಿ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ನೀರು ಬಿಟ್ಟು ಮುಚ್ಚಿ. ನಾಲ್ಕು ಗಂಟೆಗೆ ಕಡಿಮೆಯಿಲ್ಲದೆ ನಿಲ್ಲಿಸಿ, ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಆ ಹೊತ್ತಿನಲ್ಲಿ ಯಾರೂ ಆ ನೀರು ಬಳಸದಂತೆ ನಲ್ಲಿಗಳಿಗೆ ಚೀಟಿ ಕಟ್ಟಿ. ಬ್ಲೀಚಿಂಗ್ ಪೌಡರಿನ ಜೊತೆ ಆಸಿಡ್ ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಸಂಪಿಗೆ ಇಳಿಯುವುದಾದರೆ ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರನ್ನು ಕಾವಲಿಟ್ಟೇ ಇಳಿಸಿ.

ಭಾವನವರ ಸಂಪು 4,000 ಲೀಟರಿನದು. ಅದಕ್ಕೆ 600 ಗ್ರಾಂ ಪೌಡರ್ ಬೇಕಾಯಿತು. ಶುದ್ಧಿಯಾದ ಮೇಲೆ ನೀರನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಕುಡಿಯುವ ನೀರಿನ ಐ.ಎಸ್. 10500 ಮಾನದಂಡದಂತೆ ನೀರಿನಲ್ಲಿ ಮಲದಿಂದ ಬರುವ ರೋಗಾಣು ಒಂದೂ ಇರಬಾರದು, ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಬೋರ್‌ವೆಲ್ ಬಳಸುವವರು ಊರಿಗೆ ತಕ್ಕಂತೆ ಬೇರೆ ಪರೀಕ್ಷೆಗಳನ್ನೂ ಮಾಡಿಸಬೇಕು. ದಕ್ಷಿಣ ಕೋಲ್ಕತ್ತದ ಕೆಲವು ಕಡೆ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್, ನಮ್ಮ ಕೋಲಾರ ಮುಂತಾದ ಕಡೆ ಫ್ಲೋರೈಡ್ ಇರುವುದು ಗೊತ್ತಿರುವ ವಿಷಯ. ಇವು ಕುದಿಸಿದರೆ ಹೋಗುವುದಿಲ್ಲ.

ಹುಡುಗರಿಗೆ ತಿಳಿಸಿ

ಎಷ್ಟು ಒಳ್ಳೆಯ ನಲ್ಲಿ ಹಾಕಿದರೂ ಅದಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಮೋರಿಗೆ ಬಿಟ್ಟರೆ ನಾವು ಮತ್ತೆ ಹಳೆಯ ಜಾಗಕ್ಕೇ ಬಂದಂತೆ. ನಲ್ಲಿ ಎತ್ತರದಲ್ಲಿದ್ದರೂ ಪೈಪಿನ ಬಾಯಿ ಎಲ್ಲಿದೆಯೋ ಅದೇ ಅದರ ಬಾಯಿ. ಅದಕ್ಕೆ ಭಾವನವರು ಗೋಡೆಗೆ ಒಂದು ಕೊಕ್ಕೆ ಹೊಡೆಸಿ, ಕೆಲಸವಾದ ಕೂಡಲೇ ಪೈಪು ಬಿಚ್ಚಿ ಅದಕ್ಕೆ ತೂಗಹಾಕಬೇಕೆಂದು ಕಟ್ಟುನಿಟ್ಟು ಮಾಡಿದ್ದಾರೆ. "ಬಿಚ್ಚು" ಎಂದು ಗದರಿದಾಗ ಹುಡುಗ ಎರಡು ದಿನ ಮಾತ್ರ ಬಿಚ್ಚಿದನಂತೆ. ನೀಲಿ ನೀರಿನ ಕಥೆ ಹೇಳಿ ತೋರಿಸಿದ ಮೇಲೆ ತಾನಾಗಿಯೇ ಬಿಚ್ಚುತ್ತಿದ್ದಾನೆ, ಹೊಸದಾಗಿ ಸೇರಿದವರಿಗೂ ಅವನೇ ಹೇಳಿಕೊಡುತ್ತಿದ್ದಾನೆ.

ನಮ್ಮ ಹೋಟೆಲಿನಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಗಿರಾಕಿ ಸಾಂಬಾರನ್ನು ಬೈಯುತ್ತಾನೆ, ಚಟ್ನಿಯನ್ನು ಬೈಯುತ್ತಾನೆ, ನಾವು ಅಡುಗೆ ಭಟ್ಟರನ್ನು ಬೈಯುತ್ತೇವೆ. ನಲ್ಲಿಯನ್ನು ಯಾರೂ ಬೈಯುವುದಿಲ್ಲ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ದಯವಿಟ್ಟು ಐದು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಹಿತ್ತಲಿಗೆ ಹೋಗಿ, ನಲ್ಲಿಯ ಬಾಯಿ ಎಲ್ಲಿದೆ, ರಬ್ಬರ್ ಪೈಪಿನ ತುದಿ ಎಲ್ಲಿ ಬಿದ್ದಿದೆ ಎಂದು ನೋಡಿ. ನಾನು ಊರಿಗೆ ಬಂದ ದಿನವೇ ನಮ್ಮ ಹಿತ್ತಲನ್ನು ನೋಡಿದೆ. ನಮ್ಮ ಪೈಪೂ ಮೋರಿಯಲ್ಲೇ ಬಿದ್ದಿತ್ತು.